ಮನೆಯ ಯಂತ್ರಗಳು: ಕಂಪ್ಯೂಟರಿನ ಸಂಗೀತವೂ ಹೊರಗಿನ ಪರಿವರ್ತಕವೂ

ಮನೆಯಲ್ಲಿ ಕುಳಿತು ಸಂಗೀತ ಕೇಳುವ ಸೌಕರ್ಯವು ನಮ್ಮ ಹಿರಿಯರಿಗೆ ಮೊದಲು ಗ್ರಾಮಫೋನಿನಿಂದ ಒದಗಿತು. ಅನಂತರ ರೇಡಿಯೋ ಬಂದಿತು; ಅದರ ಬಳಿಕ ಕ್ಯಾಸೆಟ್ಟು, ಅದರ ಬೆನ್ನಿಗೇ ಸೀಡಿ ತಟ್ಟೆ ಬಂದುವು. ಈಗ ಅವೆಲ್ಲವುಗಳ ಸ್ಥಾನವನ್ನು ಕಂಪ್ಯೂಟರು ಹಿಡಿದುಕೊಂಡಿದೆ. ಹಿಂದೆ ಒಂದು ಬೀರುವಿನಲ್ಲಿಯೂ ಹಿಡಿಸದಿದ್ದ ಸಂಗೀತವು ಈಗ ಮಕ್ಕಳು ಓದಿಗೆಂದು ಕೊಂಡ ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಅಡಗಿರುವುದು. ಇದರೊಡನೆ ಅಂಗಡಿಗಳಲ್ಲಿ ಹೊಸದೊಂದು ಮಾತೂ ಕೇಳಿಬರುತ್ತಿದೆ. ಸಾಮಾನ್ಯ ಸಂಗೀತದ ಕಾಲ ಮುಗಿಯಿತಂತೆ. ‘ಹೈ-ರೆಸಲ್ಯೂಷನ್’ ಎಂಬ ಮೇಲ್ತರಗತಿಯ ಸಂಗೀತವು ಬಂದಿದೆಯಂತೆ. ಅದನ್ನು ಕೇಳಬೇಕಾದರೆ ಕಂಪ್ಯೂಟರಿನ ಹೊರಗೆ ‘ಡ್ಯಾಕ್’ ಎಂಬ ಪರಿವರ್ತಕವೊಂದನ್ನು ಜೋಡಿಸಲೇಬೇಕಂತೆ. ಈ ಪರಿವರ್ತಕದ ಬೆಲೆಯಾದರೋ ಸಾವಿರ ರೂಪಾಯಿಯ ಆಸುಪಾಸಿನಿಂದ ಮೊದಲಾಗಿ ಲಕ್ಷಗಳ ವರೆಗೆ ಏರುವುದು. ಸಂಗೀತಪ್ರಿಯನಾದ ಗೃಹಸ್ಥನು ಇದರಲ್ಲಿ ಎಷ್ಟನ್ನು ನಂಬಬೇಕು? ಎಷ್ಟು ವೆಚ್ಚ ಮಾಡಬೇಕು? ಈ ತಿಂಗಳು ಇದನ್ನು ವಿಚಾರಿಸುವೆವು.

ಮೊದಲು ಕಂಪ್ಯೂಟರಿನಲ್ಲಿ ಸಂಗೀತವು ಯಾವ ರೂಪದಲ್ಲಿ ಇರುವುದೆಂಬುದನ್ನು ತಿಳಿಯಬೇಕು. ಧ್ವನಿಯೆಂದರೆ ಗಾಳಿಯ ಕಂಪನ. ವೀಣೆಯ ತಂತಿಯನ್ನು ಮೀಟಿದಾಗ ಗಾಳಿಯ ಒತ್ತಡವು ಏರಿ ಇಳಿಯುವುದು. ಈ ಏರಿಳಿತವನ್ನು ಮೈಕು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುವುದು. ಗ್ರಾಮಫೋನು ತಟ್ಟೆಯಲ್ಲಿ ಈ ಏರಿಳಿತವು ಗೀರಾಗಿಯೇ ಕೊರೆಯಲ್ಪಟ್ಟಿರುತ್ತಿತ್ತು. ಕಂಪ್ಯೂಟರಿಗಾದರೋ ಗೀರು ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಆದಕಾರಣ ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುವರು. ಧ್ವನಿಯನ್ನು ಹೀಗೆ ಅಂಕಿಗಳಾಗಿ ಮಾಡಿ ಸಾಗಿಸುವ ಉಪಾಯಕ್ಕೆ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರನು ೧೯೩೮ರಲ್ಲಿ ಪೇಟೆಂಟು ಪಡೆದನು. ಅದು ಮನೆಮನೆಗೆ ಬಂದುದು ೧೯೮೨ರಲ್ಲಿ, ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಕೂಡಿ ರೂಪಿಸಿದ ಸೀಡಿ ತಟ್ಟೆಯ ಮೂಲಕ. ಆ ತಟ್ಟೆಯಲ್ಲಿ ಎಡಬಲಗಳೆರಡಕ್ಕೂ ಸೆಕೆಂಡಿಗೆ ೪೪,೧೦೦ ಅಳತೆಗಳು. ಪ್ರತಿಯೊಂದು ಅಳತೆಗೂ ೧೬ ಬಿಟ್‌ಗಳು. ಇದಕ್ಕಿಂತ ಹೆಚ್ಚಿನ ಅಂಕಿಗಳುಳ್ಳದ್ದನ್ನೇ, ಎಂದರೆ ಸೆಕೆಂಡಿಗೆ ೯೬,೦೦೦ ಅಥವಾ ೧,೯೨,೦೦೦ ಅಳತೆಗಳನ್ನೂ ೨೪ ಬಿಟ್‌ಗಳನ್ನೂ ಉಳ್ಳದ್ದನ್ನು, ಈಗ ಹೈ-ರೆಸ್ ಎಂದು ಕರೆಯುವರು.

ಈ ಎರಡು ಅಂಕಿಗಳಲ್ಲಿ ಒಂದೊಂದಕ್ಕೂ ಒಂದೊಂದು ಅರ್ಥವುಂಟು. ಮೊದಲನೆಯದಾದ ಅಳತೆಯ ವೇಗವನ್ನು ತೆಗೆದುಕೊಳ್ಳೋಣ. ಅಳತೆ ಅಳತೆಗಳ ನಡುವೆ ಇರುವ ಧ್ವನಿಯು ಕಳೆದುಹೋಗುವುದಲ್ಲವೆ, ಅಳತೆಗಳನ್ನು ಹೆಚ್ಚಿಸಿದರೆ ಆ ನಷ್ಟವು ತುಂಬುವುದಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ವಸ್ತುಸ್ಥಿತಿಯು ಹಾಗಿಲ್ಲ. ನಮ್ಮ ಮನೆಯ ಹೆಂಗಸರು ಬೆಳಗಿನಲ್ಲಿ ಹೊಸಿಲ ಮುಂದೆ ಚುಕ್ಕಿಗಳನ್ನಿಟ್ಟು ರಂಗವಲ್ಲಿಯ ಗೆರೆಯನ್ನು ಎಳೆಯುವುದನ್ನು ನೋಡಿದ್ದೇವಷ್ಟೆ. ಅಲ್ಲಿ ಒಂದೇ ಚುಕ್ಕಿಗಳಿಂದ ಬೇರೆ ಬೇರೆ ಚಿತ್ರಗಳನ್ನು ಬರೆಯಬಹುದು. ಧ್ವನಿಯ ರಂಗವಲ್ಲಿಗೆ ಮಾತ್ರ ಒಂದು ಕಟ್ಟುಪಾಡುಂಟು: ಅಳತೆಯ ವೇಗದ ಅರ್ಧಕ್ಕಿಂತ ಕಡಮೆಯ ಕಂಪನಗಳು ಮಾತ್ರ ಧ್ವನಿಯಲ್ಲಿದ್ದರೆ, ಆ ಚುಕ್ಕಿಗಳ ಮೂಲಕ ಹಾಯುವ ಗೆರೆಯು ಒಂದೇ ಒಂದು, ಎರಡನೆಯದನ್ನು ಎಳೆಯಲು ಆಗುವುದೇ ಇಲ್ಲ. ಇದರ ಬೀಜವು ಹ್ಯಾರಿ ನೈಕ್ವಿಸ್ಟನು ೧೯೨೮ರಲ್ಲಿ ತಂತಿ ಸಮಾಚಾರದ ವಿಷಯವಾಗಿ ಬರೆದ ಲೇಖನದಲ್ಲಿದೆ. ಕ್ಲಾಡ್ ಷ್ಯಾನನ್ನನು ೧೯೪೯ರಲ್ಲಿ ಅದನ್ನು ಸ್ಪಷ್ಟವಾಗಿ ಸಾಧಿಸಿ ತೋರಿಸಿದನು. ಆದುದರಿಂದ ಸೆಕೆಂಡಿಗೆ ೪೪,೧೦೦ ಅಳತೆಗಳಿದ್ದರೆ ಸುಮಾರು ೨೦,೦೦೦ ಕಂಪನಗಳ ವರೆಗಿನ ಧ್ವನಿಯೆಲ್ಲವೂ ಏನೊಂದೂ ಕಳೆಯದೆ ಹಿಂದಕ್ಕೆ ಬರುವುದು. ಮನುಷ್ಯನ ಕಿವಿಯ ಮೇರೆಯೂ ಅಷ್ಟೆ. ಅದೂ ಎಳೆಯ ಕಿವಿಯದು. ಐವತ್ತು ದಾಟಿದವರಲ್ಲಿ ೧೫,೦೦೦ದ ಮೇಲಿನದು ಕೇಳಿಸುವುದು ಅಪರೂಪ. ೯೬,೦೦೦ ಅಳತೆಗಳಿಂದ ಹೆಚ್ಚಾಗಿ ದೊರೆಯುವುದು ನಮ್ಮ ಕಿವಿಗೆ ನಿಲುಕದ ಕಂಪನಗಳು.

ಎರಡನೆಯದು ಬಿಟ್‌ಗಳ ಲೆಕ್ಕ. ಇದನ್ನು ತಕ್ಕಡಿಗೆ ಹೋಲಿಸಬಹುದು. ದಿನಸಿ ಅಂಗಡಿಯ ತಕ್ಕಡಿಯು ಗುಲಗಂಜಿಯ ತೂಕವನ್ನು ತೋರದು. ಅಕ್ಕಸಾಲಿಯ ತಕ್ಕಡಿ ತೋರುವುದು. ೧೬ ಬಿಟ್‌ಗಳಲ್ಲಿ ೬೫,೫೩೬ ಮೆಟ್ಟಿಲುಗಳು. ೨೪ ಬಿಟ್‌ಗಳಲ್ಲಿ ೧,೬೭,೭೭,೨೧೬ ಮೆಟ್ಟಿಲುಗಳು. ಒಂದೊಂದು ಬಿಟ್ ಹೆಚ್ಚಿದಂತೆ ಅತಿ ಜೋರಾದ ಸದ್ದಿಗೂ ಅತಿ ಮೆಲುವಾದ ಸದ್ದಿಗೂ ನಡುವಣ ಅಂತರವು ಸುಮಾರು ೬ ಡೆಸಿಬೆಲ್ ಹಿಗ್ಗುವುದು. ೧೬ ಬಿಟ್‌ಗಳಿಗೆ ಸುಮಾರು ೯೬ ಡೆಸಿಬೆಲ್; ೨೪ಕ್ಕೆ ಸುಮಾರು ೧೪೪. ಇದು ಕಾಗದದ ಮೇಲಿನ ಮಾತು. ಈಗಿನ ಅತ್ಯುತ್ತಮವಾದ ಪರಿವರ್ತಕಗಳೂ ೧೨೦ ಡೆಸಿಬೆಲ್‌ನಿಂದ ಸ್ವಲ್ಪ ಮೇಲಕ್ಕೆ ಹೋಗುವುವೇ ಹೊರತು ೧೪೪ನ್ನು ಮುಟ್ಟಲಾರವು. ವಿದ್ಯುತ್ತಿನ ಮಂಡಲಗಳಲ್ಲಿ ಸಹಜವಾಗಿಯೇ ಇರುವ ಸದ್ದು ಅದಕ್ಕೆ ಅಡ್ಡ ಬರುವುದು. ನಮ್ಮ ಪಡಸಾಲೆಯಲ್ಲಿ ಫ್ಯಾನು ತಿರುಗುತ್ತ, ಅಡಿಗೆಮನೆಯಲ್ಲಿ ಕುಕ್ಕರು ಕೂಗುತ್ತ, ಬೀದಿಯಲ್ಲಿ ತರಕಾರಿಯವನು ಕರೆಯುತ್ತ ಇರುವಾಗ, ೯೬ ಡೆಸಿಬೆಲ್‌ನ ಕೆಳತುದಿಯಲ್ಲಿ ಅಡಗಿರುವುದನ್ನು ಕೇಳಿದೆನೆಂದು ಹೇಳಬಲ್ಲವರು ಯಾರು?

ಇನ್ನು ಪರಿವರ್ತಕದ ಕೆಲಸವೇನೆಂಬುದು ತಾನಾಗಿಯೇ ತಿಳಿಯುವುದು. ಕಂಪ್ಯೂಟರು ಚುಕ್ಕಿಗಳನ್ನು ಕೊಡುವುದು. ಅವುಗಳ ಮೂಲಕ ಗೆರೆಯನ್ನು ಎಳೆಯುವ ಕೈಯೇ ಪರಿವರ್ತಕ. ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವನ್ನಾಗಿ ಮಾಡಿದ ಹೊರತು ಯಾವ ಸ್ಪೀಕರೂ ನುಡಿಯದು. ಆದಕಾರಣ ಧ್ವನಿಯನ್ನು ಹೊರಡಿಸುವ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಎಲ್ಲಿಯಾದರೊಂದು ಕಡೆ ಪರಿವರ್ತಕವು ಇದ್ದೇ ಇರುವುದು. ‘ನಿಮ್ಮ ಕಂಪ್ಯೂಟರಿನಲ್ಲಿ ಡ್ಯಾಕ್ ಇಲ್ಲ’ ಎಂದು ವರ್ತಕನು ಹೇಳಿದರೆ ಆ ಮಾತನ್ನು ಒಪ್ಪಬೇಕಾದುದಿಲ್ಲ. ಪ್ರಶ್ನೆಯು ಇರುವುದು ಒಳಗಿನದು ಸಾಲದೆ ಎಂಬುದರಲ್ಲಿ.

ಕೆಲವೆಡೆ ಸಾಲದು. ಕಂಪ್ಯೂಟರಿನ ಒಳಗೆ ಗಣಿತ ಮಾಡುವ ಚಿಪ್ಪುಗಳೂ, ತಿರುಗುವ ಫ್ಯಾನೂ, ವಿದ್ಯುತ್ತನ್ನು ಕ್ಷಣಕ್ಕೆ ಸಾವಿರ ಸಲ ಕಡಿದು ಹಂಚುವ ಮಂಡಲಗಳೂ ಒಂದರ ಪಕ್ಕದಲ್ಲೊಂದು ಇಕ್ಕಟ್ಟಾಗಿ ಕುಳಿತಿರುವುವು. ಸಂತೆಯ ನಡುವೆ ಕುಳಿತು ತಂಬೂರಿಯ ಶ್ರುತಿ ಮಾಡಿದಂತೆ, ಒಳಗಿನ ಪರಿವರ್ತಕವು ಈ ಗದ್ದಲದಲ್ಲಿಯೇ ತನ್ನ ಕೆಲಸವನ್ನು ಮಾಡಬೇಕಾಗಿದೆ. ಅದನ್ನು ಚೆನ್ನಾಗಿ ಮರೆಮಾಡಿ ರಚಿಸಿದ ಯಂತ್ರಗಳೂ ಉಂಟು, ಹಾಗೆ ಮಾಡದವೂ ಉಂಟು. ನಮ್ಮ ಯಂತ್ರವು ಯಾವ ಜಾತಿಯದೆಂಬುದನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಹೆಡ್‌ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹಾಡನ್ನು ನಿಲ್ಲಿಸಿ, ಧ್ವನಿಯನ್ನು ಮೇಲಕ್ಕೇರಿಸಿ ಸುಮ್ಮನೆ ಕೇಳಬೇಕು. ಮೌಸನ್ನು ಆಡಿಸಿದಾಗ ಕಿರ್ರೆನ್ನುವ ಸದ್ದಾಗಲಿ, ಯಾವುದಾದರೂ ಪುಟವನ್ನು ತೆರೆದಾಗ ಚಿರಿಚಿರಿ ಎನ್ನುವ ಸದ್ದಾಗಲಿ, ಯಾವಾಗಲೂ ಸುಯ್ಯೆನ್ನುವ ಸದ್ದಾಗಲಿ ಕೇಳಿಸಿತೆಂದರೆ ಹೊರಗಿನ ಪರಿವರ್ತಕದಿಂದ ಪ್ರಯೋಜನವಾಗುವುದು ನಿಶ್ಚಯ. ಏನೂ ಕೇಳಿಸದೆ, ಹಾಡನ್ನು ಹಚ್ಚಿದಾಗ ಸಾಕಷ್ಟು ಜೋರಾಗಿಯೂ ನುಡಿದರೆ ಪ್ರಯೋಜನವು ಅತ್ಯಲ್ಪ. ಪರೀಕ್ಷೆ ಮುಗಿದ ಕೂಡಲೆ ಧ್ವನಿಯನ್ನು ಇಳಿಸಲು ಮರೆಯಬಾರದು. ಏರಿಸಿದಂತೆಯೇ ಬಿಟ್ಟು ಹಾಡು ಹಚ್ಚಿದರೆ ಕಿವಿಗೆ ಅಪಾಯ.

ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ಗುಂಯ್ ಎಂಬ ದಪ್ಪನೆಯ ಸದ್ದು ಬರುವುದುಂಟು. ಚಾರ್ಜರನ್ನು ಕಿತ್ತೊಡನೆ ಅದು ನಿಂತುಹೋದರೆ ದೋಷವು ಪರಿವರ್ತಕದಲ್ಲಿಲ್ಲ. ಎರಡು ಯಂತ್ರಗಳು ಬೇರೆ ಬೇರೆ ದಾರಿಯಿಂದ ನೆಲದ ತಂತಿಗೆ ಸೇರಿ, ಆ ಸುತ್ತಿನಲ್ಲಿ ಮನೆಯ ೫೦ ಹರ್ಟ್ಸ್ ವಿದ್ಯುತ್ತು ಸುಳಿಯುತ್ತಿರುವುದು. ಎರಡನ್ನೂ ಒಂದೇ ಪ್ಲಗ್ಗಿನ ಪಟ್ಟಿಗೆ ಜೋಡಿಸಿದರೆ ಅನೇಕ ವೇಳೆ ಅದು ನಿಲ್ಲುವುದು. ಹೊಸ ಯಂತ್ರವನ್ನು ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳತಕ್ಕದ್ದು. ನೆಲದ ತಂತಿಯ ಕಡ್ಡಿಯನ್ನೇ ಮುರಿದು ಸದ್ದನ್ನು ನಿಲ್ಲಿಸುವ ದುಸ್ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಅದು ಪ್ರಾಣವನ್ನು ಕಾಯುವ ಕಡ್ಡಿ.

ಪರಿವರ್ತಕವನ್ನು ಕೊಳ್ಳುವುದೇ ಆದರೆ ಯು.ಎಸ್.ಬಿ. ತಂತಿಯಿಂದ ಸೇರತಕ್ಕ ಸಾಧಾರಣವಾದುದೊಂದು ಸಾಕು. ಇವುಗಳಲ್ಲಿ ಎರಡು ತಲೆಮಾರುಗಳುಂಟು. ಮೊದಲನೆಯ ಯು.ಎಸ್.ಬಿ. ಧ್ವನಿಯ ಕಟ್ಟಳೆಯು ೨೪ ಬಿಟ್ ಮತ್ತು ೯೬,೦೦೦ ಅಳತೆಗಳಿಗೆ ನಿಲ್ಲುವುದು. ೨೦೦೬ರಲ್ಲಿ ಬಂದ ಎರಡನೆಯದು ಅದರಿಂದಾಚೆಗೂ ಹೋಗುವುದು. ವಿಂಡೋಸಿನಲ್ಲಿ ಈ ಎರಡನೆಯದನ್ನು ತಾನಾಗಿಯೇ ಗುರುತಿಸುವ ಶಕ್ತಿಯು ೨೦೧೭ರಲ್ಲಿ ಬಂದಿತು; ಅದಕ್ಕೂ ಹಳೆಯ ಕಂಪ್ಯೂಟರಾದರೆ ತಯಾರಕರು ಕೊಡುವ ಡ್ರೈವರನ್ನು ಹಾಕಿಕೊಳ್ಳಬೇಕಾಗುವುದು. ‘ಅಸಿಂಕ್ರನಸ್’ ಎಂಬ ಮಾತು ಪೆಟ್ಟಿಗೆಯ ಮೇಲೆ ಇದ್ದರೆ ಒಳ್ಳೆಯದು. ಕಚೇರಿಯಲ್ಲಿ ತಾಳವನ್ನು ಯಾರು ಹಿಡಿಯಬೇಕೆಂಬ ಪ್ರಶ್ನೆಯಂತೆ ಇಲ್ಲಿಯೂ ಒಂದು ಪ್ರಶ್ನೆಯುಂಟು: ಅಳತೆಗಳನ್ನು ಒಂದೇ ಲಯದಲ್ಲಿ ಬಿಡಿಸುವ ಗಡಿಯಾರವು ಯಾರದು? ನೂರು ಕೆಲಸಗಳ ನಡುವೆ ಇರುವ ಕಂಪ್ಯೂಟರಿನ ಕೈಗೆ ತಾಳವನ್ನು ಕೊಡದೆ, ಪರಿವರ್ತಕವು ತಾನೇ ತಾಳ ಹಾಕುತ್ತ, ಬೇಕಾದಾಗ ಕಂಪ್ಯೂಟರಿನಿಂದ ಅಂಕಿಗಳನ್ನು ಕೇಳಿ ಪಡೆಯುವುದೇ ಆ ಮಾತಿನ ಅರ್ಥ. ಈಗ ಇದು ಅಗ್ಗದ ಯಂತ್ರಗಳಲ್ಲಿಯೂ ದೊರೆಯುವುದು. ಬ್ಲೂಟೂತಿನ ಹೆಡ್‌ಫೋನಿನಲ್ಲಿ ಕೇಳುವವರಿಗೆ ಒಂದು ಎಚ್ಚರಿಕೆ: ಅಂತಹ ಹೆಡ್‌ಫೋನಿನ ಒಳಗೇ ಅದರದೇ ಆದ ಪರಿವರ್ತಕವಿರುವುದು. ಕಂಪ್ಯೂಟರಿಗೆ ಹೊರಗಿನದನ್ನು ಎಷ್ಟು ಬೆಲೆಕೊಟ್ಟು ಜೋಡಿಸಿದರೂ ಸಂಗೀತವು ಅದರ ಮೂಲಕ ಹಾಯುವುದೇ ಇಲ್ಲ.

ಜೋಡಿಸಿದ ಮೇಲೆ ಕಂಪ್ಯೂಟರನ್ನೂ ಸ್ವಲ್ಪ ಹದಮಾಡಬೇಕು. ಹಾಡು, ಪತ್ರ ಬಂದಿತೆಂಬ ಗಂಟೆ, ಚಲಚ್ಚಿತ್ರದ ಮಾತು, ಇವೆಲ್ಲವನ್ನೂ ಏಕಕಾಲಕ್ಕೆ ಹೊರಡಿಸಬೇಕಾದುದರಿಂದ, ಕಂಪ್ಯೂಟರು ಅವುಗಳನ್ನೆಲ್ಲ ಒಂದೇ ಅಳತೆಯ ವೇಗಕ್ಕೆ, ಬಹುಮಟ್ಟಿಗೆ ೪೮,೦೦೦ಕ್ಕೆ, ಪರಿವರ್ತಿಸಿ ಬೆರೆಸುವುದು. ಹೀಗಾಗಿ ೯೬,೦೦೦ದ ಸಂಗೀತವನ್ನು ಬೆಲೆಕೊಟ್ಟು ತಂದವನು ತನಗೆ ತಿಳಿಯದಂತೆಯೇ ೪೮,೦೦೦ದ್ದನ್ನು ಕೇಳುತ್ತಿರಬಹುದು. ಇದನ್ನು ತಪ್ಪಿಸಲು ವಿಂಡೋಸಿನಲ್ಲಿ ಫೂಬಾರ್ ೨೦೦೦ ಮೊದಲಾದ ಹಾಡಿಸುವ ತಂತ್ರಾಂಶಗಳಲ್ಲಿ ‘ಎಕ್ಸ್‌ಕ್ಲೂಸಿವ್’ ಎಂಬ ಏರ್ಪಾಡನ್ನು ಆರಿಸಿಕೊಳ್ಳಬೇಕು. ಆಗ ಪರಿವರ್ತಕವು ಆ ಒಂದು ಹಾಡಿಗೇ ಮೀಸಲಾಗುವುದು. ಆಪಲ್ ಕಂಪ್ಯೂಟರಿನಲ್ಲಿ ‘ಆಡಿಯೋ ಮಿಡಿ ಸೆಟಪ್’ ಎಂಬಲ್ಲಿ ಅಳತೆಯ ವೇಗವನ್ನು ಕೈಯಿಂದ ಗೊತ್ತುಮಾಡಬಹುದು. ಧ್ವನಿಯನ್ನು ‘ಸುಧಾರಿಸುವ’ ಹೆಸರಿನ ಏರ್ಪಾಡುಗಳಿದ್ದರೆ ಎಲ್ಲವನ್ನೂ ನಿಲ್ಲಿಸಬೇಕು. ಕಡತಗಳ ವಿಷಯದಲ್ಲಿ, ಎಂ.ಪಿ.ತ್ರೀ ಎಂಬುದು ಕಿವಿಗೆ ಅಷ್ಟಾಗಿ ತಿಳಿಯದ ಭಾಗಗಳನ್ನು ಬಿಸಾಡಿ ಗಾತ್ರವನ್ನು ಕುಗ್ಗಿಸುವುದು. ೨೦೦೧ರಲ್ಲಿ ಹೊರಬಂದ ಫ್ಲಾಕ್ ಎಂಬುದು ಹಾಸಿಗೆಯನ್ನು ಸುತ್ತಿ ಕಟ್ಟಿದಂತೆ ಗಾತ್ರವನ್ನು ಕುಗ್ಗಿಸುವುದಾದರೂ ಬಿಚ್ಚಿದಾಗ ಒಂದು ಅಂಕಿಯೂ ಕಳೆದಿರದು. ಸಂಗ್ರಹಕ್ಕೆ ಫ್ಲಾಕನ್ನೇ ಆರಿಸಿಕೊಳ್ಳುವುದು ಉಚಿತ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಮಾಡಿ ಹೈ-ರೆಸ್ ಸಂಗೀತವನ್ನು ಹಾಡಿಸಿದರೆ ಸೀಡಿಯ ಸಂಗೀತಕ್ಕಿಂತ ಮೇಲಾಗಿ ಕೇಳಿಸುವುದೆ? ಅಮೆರಿಕಾದಲ್ಲಿ ಮೇಯರ್ ಮತ್ತು ಮೋರಾನ್ ಎಂಬಿಬ್ಬರು ಇದನ್ನು ಪರೀಕ್ಷಿಸಿ, ೨೦೦೭ರಲ್ಲಿ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೈ-ರೆಸ್ ತಟ್ಟೆಯ ಧ್ವನಿಯನ್ನು ಒಮ್ಮೆ ನೇರವಾಗಿಯೂ, ಒಮ್ಮೆ ಸೀಡಿಯ ಅಳತೆಯಾದ ೧೬ ಬಿಟ್ ಮತ್ತು ೪೪,೧೦೦ರ ಇಕ್ಕಟ್ಟಿನ ಬಾಗಿಲಿನಿಂದ ಹಾಯಿಸಿಯೂ ಕೇಳಿಸಿ, ಯಾವುದು ಯಾವುದೆಂದು ಕೇಳುಗರನ್ನು ಪ್ರಶ್ನಿಸಿದರು. ೫೫೪ ಸಲ ಕೇಳಿದುದರಲ್ಲಿ ಸರಿಯಾದ ಉತ್ತರಗಳು ೨೭೬. ಕಾಸನ್ನು ಚಿಮ್ಮಿ ಉತ್ತರ ಹೇಳಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು. ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ೨೦೧೬ರಲ್ಲಿ ಲಂಡನ್ನಿನ ಜೋಶುವಾ ರೈಸ್ ಎಂಬ ವಿದ್ವಾಂಸರು ಇಂತಹ ೧೮ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿ, ಬಹು ಸಣ್ಣದಾದರೂ ಕಾಕತಾಳೀಯವೆಂದು ತಳ್ಳಿಹಾಕಲಾಗದ ಭೇದವೊಂದು ಕೇಳುಗರಿಗೆ ತಿಳಿಯುವುದೆಂದೂ, ವಿಶೇಷವಾಗಿ ತರಬೇತು ಹೊಂದಿದವರಲ್ಲಿ ಅದು ಹೆಚ್ಚೆಂದೂ ತೋರಿಸಿದರು. ಎರಡನ್ನೂ ಕೂಡಿಸಿ ನೋಡಿದರೆ ತಾತ್ಪರ್ಯವು ಸ್ಪಷ್ಟವಾಗಿದೆ. ಭೇದವಿದ್ದರೂ ಅದು ತರಬೇತಾದ ಕಿವಿಯು ನಿಶ್ಶಬ್ದವಾದ ಕೊಠಡಿಯಲ್ಲಿ ಹುಡುಕಿ ತೆಗೆಯಬೇಕಾದಷ್ಟು ಸೂಕ್ಷ್ಮ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ರಾಗವೊಂದನ್ನು ಕೇಳುವ ಗೃಹಸ್ಥನ ಸುಖದುಃಖಗಳಿಗೆ ಸಂಬಂಧಿಸಿದುದಲ್ಲ.

ಹಾಗಾದರೆ ಹೈ-ರೆಸ್ ತಂದಾಗ ನಿಜವಾಗಿಯೂ ಬೇರೆಯಾಗಿ ಕೇಳಿಸಿತಲ್ಲ ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅನೇಕ ವೇಳೆ ಅದೇ ಸಂಗೀತವನ್ನು ಮೂಲ ಟೇಪಿನಿಂದ ಹೊಸದಾಗಿ, ಹೆಚ್ಚು ಶ್ರದ್ಧೆಯಿಂದ ಇಳಿಸಿರುವರು. ಗುಣವು ಆ ಶ್ರದ್ಧೆಯದು, ಅಂಕಿಯದಲ್ಲ. ಇನ್ನು ಕೆಲವು ವೇಳೆ ಒಂದು ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಜೋರಾಗಿರುವುದು. ಜೋರಾದುದೇ ಒಳ್ಳೆಯದೆಂದು ಕಿವಿಯು ಮೋಸಹೋಗುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಳೆಯ ಸಂಗೀತಕ್ಕೆ ದೊಡ್ಡ ಅಂಕಿಯ ಚೀಟಿ ಅಂಟಿಸಿ ಮಾರುವುದೂ ಉಂಟು. ಗೌಹರ್ ಜಾನ್ ಅವರ ಹಾಡುಗಳನ್ನು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ, ಕೊಂಬಿನೊಳಕ್ಕೆ ಹಾಡಬೇಕಾಗಿದ್ದಿತು. ವಿದ್ಯುತ್ತಿನ ಮುದ್ರಣವು ಬಳಕೆಗೆ ಬಂದುದು ೧೯೨೫ರಿಂದ ಈಚೆಗೆ. ಅನಂತರದ ಟೇಪಿನಲ್ಲಿಯೂ ಟೇಪಿನದೇ ಆದ ಸುಯ್ಯೆನ್ನುವ ಸದ್ದು ೧೬ ಬಿಟ್‌ಗಳ ಕೆಳತುದಿಗಿಂತ ಬಹಳ ಮೇಲಿರುವುದು. ಬಾವಿಯಲ್ಲಿಲ್ಲದ ನೀರು ಕೊಡದ ಗಾತ್ರವನ್ನು ಹಿಗ್ಗಿಸಿದ ಮಾತ್ರಕ್ಕೆ ಬಂದೀತೆ? ಆ ಮಹನೀಯರ ಸಂಗೀತವು ಕೊಂಬಿನ ಮೂಲಕವೂ ನಮ್ಮನ್ನು ಕರಗಿಸುತ್ತಿದೆಯೆಂಬುದೇ ಅಂಕಿಗೂ ರಸಕ್ಕೂ ಇರುವ ದೂರವನ್ನು ತೋರಿಸುವುದು.

ಸಂದೇಹವುಳ್ಳವರು ಮನೆಯಲ್ಲಿಯೇ ಪರೀಕ್ಷೆ ಮಾಡಿಕೊಳ್ಳಬಹುದು. ಹೈ-ರೆಸ್ ಕಡತವೊಂದನ್ನು ತೆಗೆದುಕೊಂಡು, ಅದರಿಂದಲೇ ಸೀಡಿಯ ಅಳತೆಯ ಪ್ರತಿಯೊಂದನ್ನು ಮಾಡಿಕೊಳ್ಳಬೇಕು. ಹೀಗೆ ಮಾಡಿದರೆ ಮುದ್ರಣವೂ ಒಂದೇ, ಧ್ವನಿಯ ಪ್ರಮಾಣವೂ ಒಂದೇ ಆಗಿರುವುದು. ಮನೆಯವರೊಬ್ಬರು ಕಾಸು ಚಿಮ್ಮಿ, ಯಾವುದೆಂದು ಹೇಳದೆ, ಎರಡರಲ್ಲೊಂದನ್ನು ಹಾಡಿಸಲಿ. ಕೇಳುವವರು ಪರದೆಯ ಕಡೆಗೆ ಬೆನ್ನುಮಾಡಿ ಕುಳಿತು ಉತ್ತರವನ್ನು ಬರೆಯಲಿ. ಹದಿನಾರು ಸಲ ಹೀಗೆ ಮಾಡಿ ಹನ್ನೆರಡಾದರೂ ಸರಿಯಾದರೆ, ಅದು ಬರಿಯ ಅದೃಷ್ಟದಿಂದ ಆಗುವ ಸಂಭವವು ನೂರಕ್ಕೆ ನಾಲ್ಕಕ್ಕಿಂತ ಕಡಮೆ. ಅಂತಹವರು ಧಾರಾಳವಾಗಿ ಹೈ-ರೆಸ್ ಕೊಳ್ಳಲಿ. ಎಂಟು ಒಂಬತ್ತು ಸರಿಯಾದವರು ಹಣವನ್ನು ಉಳಿಸಿಕೊಂಡು ನಿಶ್ಚಿಂತೆಯಿಂದ ಹಾಡು ಕೇಳಲಿ.

ಉಳಿದ ಹಣಕ್ಕೆ ಎರಡು ಸದ್ವಿನಿಯೋಗಗಳನ್ನು ಸೂಚಿಸುವೆವು. ಮೊದಲನೆಯದು ಸ್ಪೀಕರೂ ಕೊಠಡಿಯೂ. ಸಾಧಾರಣವಾದ ಪರಿವರ್ತಕವೂ ಧ್ವನಿಯನ್ನು ಕೆಡಿಸುವುದು ನೂರಕ್ಕೆ ಒಂದರ ನೂರನೆಯ ಪಾಲಿನಷ್ಟು, ಅಥವಾ ಅದಕ್ಕಿಂತಲೂ ಕಡಮೆ. ಸ್ಪೀಕರು ಕೆಡಿಸುವುದು ಅದರ ಎಷ್ಟೋ ಪಟ್ಟು. ಕೊಠಡಿಯಂತೂ ಇವೆರಡನ್ನೂ ಮೀರಿಸಿದುದು. ನುಣುಪಾದ ಕಲ್ಲಿನ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇರುವ ಈಗಿನ ಪಡಸಾಲೆಗಳಲ್ಲಿ ಧ್ವನಿಯು ಗೋಡೆಯಿಂದ ಗೋಡೆಗೆ ಪುಟಿದು ಮೃದಂಗದ ಪೆಟ್ಟುಗಳು ಒಂದರ ಮೇಲೊಂದು ಬೀಳುವುವು. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಬೀರು, ಇಷ್ಟನ್ನು ಮಾಡಿ ಸ್ಪೀಕರುಗಳನ್ನು ಗೋಡೆಯ ಮೂಲೆಯಿಂದ ಒಂದೆರಡು ಅಡಿ ಈಚೆಗೆ ತಂದರೆ ಆಗುವ ಲಾಭವು ಲಕ್ಷ ರೂಪಾಯಿಯ ಪರಿವರ್ತಕದಿಂದಲೂ ಆಗದು.

ಎರಡನೆಯ ವಿನಿಯೋಗವು ಇನ್ನೂ ಮುಖ್ಯವಾದುದು. ದೊಡ್ಡ ಅಂಕಿಗಳು ವ್ಯರ್ಥವೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ಹಾಲನ್ನು ಕಾಯಿಸುವಾಗ ದೊಡ್ಡ ಪಾತ್ರೆಯೇ ಬೇಕು. ಉಕ್ಕಿದರೆ ಚೆಲ್ಲದಂತೆ ಮೇಲೆ ಜಾಗವಿರಬೇಕು. ಕುಡಿಯುವಾಗ ಲೋಟ ಸಾಕು. ಹಾಗೆಯೇ ಧ್ವನಿಯನ್ನು ಮುದ್ರಿಸುವವನಿಗೆ ೨೪ ಬಿಟ್‌ಗಳು ಬೇಕು. ಹಾಡುವವರ ಕಂಠವು ಎಲ್ಲಿ ಏರುವುದೋ ಎಲ್ಲಿ ತಗ್ಗುವುದೋ ಮೊದಲೇ ತಿಳಿಯದು. ಮೇಲೆ ಬಿಡುವಿಟ್ಟುಕೊಂಡು ಮುದ್ರಿಸಿದರೂ ಕೆಳಗಿನ ಸೂಕ್ಷ್ಮವು ಕಳೆಯಬಾರದು. ಅನಂತರ ತಿದ್ದಿ ತೀಡುವಾಗಲೂ ಲೆಕ್ಕದ ತಪ್ಪುಗಳು ಕೂಡಿಕೊಂಡು ಕೇಳಿಸಬಾರದು. ದೊಡ್ಡ ಅಂಕಿಗೆ ನಿಜವಾದ ಸ್ಥಾನವಿರುವುದು ಇಲ್ಲಿ. ಆದುದರಿಂದಲೇ ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವು ಹಳೆಯ ಮುದ್ರಣಗಳನ್ನು ಕಾಪಾಡಲು ೨೪ ಬಿಟ್‌ಗಳನ್ನೂ, ಕನಿಷ್ಠಪಕ್ಷ ೪೮,೦೦೦ ಅಳತೆಗಳನ್ನೂ ವಿಧಿಸಿದೆ. ಭಂಡಾರಗಳಲ್ಲಿ ೯೬,೦೦೦ ಅಳತೆಗಳೇ ಹೆಚ್ಚು ರೂಢಿಯಲ್ಲಿವೆ.

ನಮ್ಮ ಮನೆಗಳಲ್ಲಿಯೂ ಇಂತಹ ಭಂಡಾರಗಳುಂಟು. ಅವು ಭಂಡಾರಗಳೆಂಬುದು ನಮಗೆ ತಿಳಿದಿಲ್ಲ, ಅಷ್ಟೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಬೀರುವಿನ ಕೆಳಗಿನ ಅರೆಯಲ್ಲಿ, ಎಷ್ಟು ಕ್ಯಾಸೆಟ್ಟುಗಳು ಬಿದ್ದಿಲ್ಲ? ಮದುವೆಯಲ್ಲಿ ಹಸೆಗೆ ಕರೆದ ಹಾಡು, ಅಜ್ಜಿಯ ಸೋಬಾನೆ, ಸೋದರತ್ತೆಯ ಲಾಲಿ, ತಾತನು ಓದಿದ ಗಮಕ, ಮಗುವಿನ ಮೊದಲ ತೊದಲು ಅವುಗಳಲ್ಲಿರಬಹುದು. ಅಂಗಡಿಯಲ್ಲಿ ದೊರೆಯುವ ಸಂಗೀತವು ಇಂದಲ್ಲದಿದ್ದರೆ ನಾಳೆ ದೊರೆಯುವುದು. ಈ ಕ್ಯಾಸೆಟ್ಟುಗಳಲ್ಲಿರುವ ಕಂಠಗಳಿಗೆ ಜಗತ್ತಿನಲ್ಲಿ ಮತ್ತೊಂದು ಪ್ರತಿಯಿಲ್ಲ; ಹಾಡಿದವರು ಅನೇಕರು ಈಗ ಇಲ್ಲ; ಆ ಹಾಡುಗಳ ಮಟ್ಟನ್ನು ಬಲ್ಲವರೂ ಕಡಮೆಯಾಗುತ್ತಿದ್ದಾರೆ. ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಹೊರತಂದುದು ೧೯೬೩ರಲ್ಲಿ. ಅದರ ಪಟ್ಟಿಯ ಮೇಲೆ ಬಳಿದ ಕಾಂತದ ಪುಡಿಯು ಕಾಲಕ್ರಮದಲ್ಲಿ ಸಡಿಲವಾಗುವುದು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದು. ಹಾಡಿಸುವ ಯಂತ್ರವೇ ಅಪರೂಪವಾಗುತ್ತಿದೆ.

ಮಾಡಬೇಕಾದ ಕೆಲಸವು ಕಷ್ಟದ್ದಲ್ಲ. ಸರಿಯಾಗಿ ನಡೆಯುವ ಕ್ಯಾಸೆಟ್ಟು ಯಂತ್ರವೊಂದನ್ನು ನೆಂಟರಲ್ಲಿಯೋ ರಿಪೇರಿ ಅಂಗಡಿಯಲ್ಲಿಯೋ ಸಂಪಾದಿಸಿಕೊಳ್ಳಬೇಕು. ಅದರ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರಸಿ, ಚೆನ್ನಾಗಿ ಒಣಗಿದ ಮೇಲೆ, ಮುಖ್ಯವಲ್ಲದ ಕ್ಯಾಸೆಟ್ಟೊಂದನ್ನು ಮೊದಲು ಹಾಡಿಸಿ, ಪಟ್ಟಿಯನ್ನು ಯಂತ್ರವು ನುಂಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ತಾವೇ ಹಾಡಿಸದೆ ಬಲ್ಲವರಿಗೆ ತೋರಿಸುವುದು ಲೇಸು. ಪರಿವರ್ತಕವನ್ನು ಕೊಳ್ಳುವಾಗಲೇ ಧ್ವನಿಯನ್ನು ಹೊರಡಿಸುವುದಲ್ಲದೆ ಒಳಕ್ಕೂ ತೆಗೆದುಕೊಳ್ಳಬಲ್ಲ ಯು.ಎಸ್.ಬಿ. ಪೆಟ್ಟಿಗೆಯನ್ನು ಆರಿಸಿಕೊಂಡರೆ, ಹಾಡು ಕೇಳುವುದಕ್ಕೂ ಕ್ಯಾಸೆಟ್ಟನ್ನು ಇಳಿಸುವುದಕ್ಕೂ ಒಂದೇ ಯಂತ್ರವಾಗುವುದು. ೨೪ ಬಿಟ್, ೯೬,೦೦೦ ಅಳತೆಗಳಲ್ಲಿ ಎಡಬಲ ಎರಡನ್ನೂ ಮುದ್ರಿಸಿದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು ಎರಡು ಜಿಗಾಬೈಟು ಸ್ಥಳ ಹಿಡಿಯುವುದು. ಫ್ಲಾಕಿನಲ್ಲಿ ಅದಕ್ಕಿಂತ ಕಡಮೆ. ಮುದ್ರಿಸುವಾಗ ಅಂಕಿಯ ಮುಳ್ಳು ಕೆಂಪಿಗೆ ತಾಗದಂತೆ ಮೇಲೆ ಸ್ವಲ್ಪ ಬಿಡುವಿಡಬೇಕು. ಸುಯ್ಯೆನ್ನುವ ಸದ್ದನ್ನು ತೆಗೆಯಲು ಹೋಗಬಾರದು. ಆ ತಿದ್ದುಪಡಿಯನ್ನು ಮತ್ತೊಂದು ಪ್ರತಿಯಲ್ಲಿ ಮಾಡಿಕೊಳ್ಳಬಹುದು, ಮೂಲದಂತಿರುವ ಪ್ರತಿಯು ಹಾಗೆಯೇ ಇರಲಿ. ಹಾಡಿದವರ ಹೆಸರು, ಊರು, ಸಂದರ್ಭ, ವರ್ಷ, ಇವುಗಳನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ ಕಡತದ ಜೊತೆಗೆ ಬರೆದಿಡಬೇಕು. ಒಂದು ಪ್ರತಿಯು ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮನೆಯಲ್ಲಿ ಇರಲಿ. ಇಷ್ಟಾದ ಮೇಲೆಯೂ ಕ್ಯಾಸೆಟ್ಟನ್ನು ಬಿಸಾಡತಕ್ಕದ್ದಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು: ಕಂಪ್ಯೂಟರಿನಲ್ಲಿ ಗದ್ದಲ ಕೇಳಿಸಿದರೆ ಸಾಧಾರಣ ಬೆಲೆಯ ಹೊರಗಿನ ಪರಿವರ್ತಕವನ್ನು ಕೊಳ್ಳಿರಿ, ಕೇಳಿಸದಿದ್ದರೆ ಇದ್ದುದೇ ಸಾಕು. ಕೇಳುವುದಕ್ಕೆ ಸೀಡಿಯ ಅಳತೆಯ ಕಡತವು ಯಥೇಷ್ಟ. ದೊಡ್ಡ ಅಂಕಿಗಳನ್ನು ಮನೆಯ ಹಿರಿಯರ ಕಂಠವನ್ನು ಉಳಿಸುವುದಕ್ಕೆ ಬಳಸಿರಿ. ಅದನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿರಿ. ಸ್ಪೀಕರುಗಳನ್ನು ಆರಿಸುವ ಮತ್ತು ಕೊಠಡಿಯಲ್ಲಿ ಇರಿಸುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ವಿಸ್ತಾರವಾಗಿ ತಿಳಿಸುವೆವು.